ಮಗುವಿನ ರೆಪ್ಪೆಯ ಮೇಲೆ ಗಂಟು: ಆಪರೇಷನ್ ಮಾಡಿಸಬೇಕಾ, ಕಾಯಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರು ವರ್ಷ ಎರಡು ತಿಂಗಳು. ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಎರಡೂವರೆ ತಿಂಗಳಿಂದ ಒಂದು ಗಂಟು ಇದೆ. ಶುರುವಿನಲ್ಲಿ ಕೆಂಪಾಗಿ ನೋವಿತ್ತು. ಈಗ ನೋವಿಲ್ಲ, ಆದರೆ ಕಡಲೆಕಾಳಿನಷ್ಟು ಗಾತ್ರಕ್ಕೆ ಬಂದು ಹಾಗೇ ನಿಂತಿದೆ. ಮಕ್ಕಳ ಡಾಕ್ಟರು ಎರಡು ಸಲ ಆಂಟಿಬಯೋಟಿಕ್ ಸಿರಪ್ ಮತ್ತು ಡ್ರಾಪ್ಸ್ ಕೊಟ್ಟರು, ಏನೂ ವ್ಯತ್ಯಾಸ ಆಗಲಿಲ್ಲ. ಕಣ್ಣಿನ ಡಾಕ್ಟರು ನೋಡಿ, ಪೂರ್ತಿ ಅನಸ್ತೇಷಿಯಾ ಕೊಟ್ಟು ತೆಗೆಯಬೇಕು ಅಂದರು. ನಮ್ಮ ಅತ್ತೆಯವರು, ಇದು ಉಷ್ಣಕ್ಕೆ ಬಂದದ್ದು, ತಾನಾಗಿಯೇ ಹೋಗುತ್ತದೆ, ಇಷ್ಟು ಚಿಕ್ಕ ಮಗುವಿಗೆ ಅನಸ್ತೇಷಿಯಾ ಬೇಡವೇ ಬೇಡ ಅನ್ನುತ್ತಾರೆ. ಹೋದ ವಾರದಿಂದ ಎಡಗಣ್ಣಿನ ಕೆಳರೆಪ್ಪೆಯಲ್ಲೂ ಸಣ್ಣದೊಂದು ಕಾಣಿಸಿದೆ. ಇದು ಹರಡುತ್ತಿದೆಯಾ? ನಾವೇನು ಮಾಡಬೇಕು?
(ಒಬ್ಬ ತಾಯಿ, ದಾವಣಗೆರೆ)

ಉತ್ತರ:

ನಿಮ್ಮ ಪತ್ರದಲ್ಲಿ ಗಂಟಿನ ಗಾತ್ರ ಇದೆ, ಬಂದು ಎಷ್ಟು ದಿನ ಆಯಿತು ಅಂತ ಇದೆ, ಕೊಟ್ಟ ಔಷಧಿಗಳ ವಿವರವೂ ಇದೆ. ಒಂದು ವಿಷಯ ಮಾತ್ರ ಇಲ್ಲ. ಆ ರೆಪ್ಪೆಯ ಕೆಳಗಿರುವ ಕಣ್ಣು ಸರಿಯಾಗಿ ನೋಡುತ್ತಿದೆಯಾ? ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಆದರೆ ಆಪರೇಷನ್ ಈಗಲೇ ಬೇಕಾ, ಇನ್ನೂ ಸ್ವಲ್ಪ ಕಾಯಬಹುದಾ ಅನ್ನುವುದು ಮುಖ್ಯವಾಗಿ ಇದರ ಮೇಲೇ ನಿಂತಿದೆ. ಗಂಟು ನೋಡಲು ಚೆನ್ನಾಗಿಲ್ಲ ಅನ್ನುವುದು ಮೂರು ವರ್ಷದ ಮಗುವಿಗೆ ಅಂಥ ದೊಡ್ಡ ಕಾರಣ ಅಲ್ಲ. ಗಂಟು ದೃಷ್ಟಿಗೆ ಅಡ್ಡ ಬರುತ್ತಿದ್ದರೆ ಅದು ನಿಜಕ್ಕೂ ದೊಡ್ಡ ಕಾರಣ. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಇದು ಏನು ಅಂತ ತಿಳಿದುಕೊಳ್ಳೋಣ.

ಮಗುವನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಮೊದಲು ಕೆಂಪು, ನೋವು, ಆಮೇಲೆ ನೋವು ಹೋಗಿ ಗಟ್ಟಿ ಗಂಟಾಗಿ ಉಳಿಯುವುದು, ಇದು ಕಲೇಜಿಯನ್‌ನ ನಡೆ. ಮಕ್ಕಳ ರೆಪ್ಪೆಯಲ್ಲಿ ನಾವು ಹೆಚ್ಚಾಗಿ ಕಾಣುವ ಗಂಟು ಇದೇ.

ನಮ್ಮ ರೆಪ್ಪೆಗಳ ಒಳಗೆ ಎಣ್ಣೆಯ ಗ್ರಂಥಿಗಳು ಸಾಲಾಗಿ ನಿಂತಿವೆ. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರವಾಗಿ ಬರೆದಿಟ್ಟ ಕಾರಣ ಇಂದಿಗೂ ಮೈಬೋಮಿಯನ್ ಗ್ರಂಥಿಗಳು ಅಂತಲೇ ಕರೆಯುತ್ತೇವೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಇವು ಸ್ವಲ್ಪ ಎಣ್ಣೆ ಬಿಡುತ್ತವೆ. ಆ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ, ಕಣ್ಣು ಬೇಗ ಒಣಗದಂತೆ ಕಾಯುತ್ತದೆ. ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಎಣ್ಣೆ ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ತುಪ್ಪ ಹೆಪ್ಪುಗಟ್ಟಿದ ಹಾಗೆ ಒಳಗೇ ಗಟ್ಟಿಯಾಗುತ್ತದೆ. ಒತ್ತಡ ಜಾಸ್ತಿಯಾಗಿ ಗ್ರಂಥಿ ಒಡೆದು, ಎಣ್ಣೆ ಸುತ್ತಲಿನ ಮಾಂಸಕ್ಕೆ ಸೋರುತ್ತದೆ. ಅಲ್ಲಿ ಇರಬಾರದ ವಸ್ತು ಬಂತು ಅಂತ ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ. ನಿಮ್ಮ ಬೆರಳಿಗೆ ಸಿಗುವ ಗಂಟು ಆ ಗೋಡೆ.

ಕುರು ಬೇರೆ. ಕೆಲವು ಕಡೆ ಕಣ್ಣು ಕುಟಿಕೆ ಅನ್ನುತ್ತಾರೆ. ಅದು ಸಾಮಾನ್ಯವಾಗಿ ರೆಪ್ಪೆಗೂದಲಿನ ಬುಡದಲ್ಲಿ, ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮುಟ್ಟಿದರೆ ಮಗು ಚೀರುತ್ತದೆ. ಹಳದಿ ಮುಖ ಮಾಡಿ, ಒಂದು ವಾರ, ಹತ್ತು ದಿನದಲ್ಲಿ ಒಡೆದು ವಾಸಿಯಾಗುತ್ತದೆ. ಕೆಲವೊಮ್ಮೆ ಕುರು ಅಡಗಿ ಕಲೇಜಿಯನ್ ಆಗಿ ಉಳಿಯುವುದೂ ಉಂಟು. ನಿಮ್ಮ ಮಗಳಿಗೆ ಹಾಗೆಯೇ ಆಗಿರಬಹುದು.

ಈಗ ಆ ಸಿರಪ್ ಯಾಕೆ ಕೆಲಸ ಮಾಡಲಿಲ್ಲ ಅಂತ ಗೊತ್ತಾಯಿತಲ್ವಾ? ಕಲೇಜಿಯನ್ ಒಳಗೆ ಇರುವುದು ಕೀವು ಅಲ್ಲ, ಹಳೆಯ ಎಣ್ಣೆ ಮತ್ತು ಅದರ ಸುತ್ತ ಸೇರಿದ ಜೀವಕೋಶಗಳು. ಕೊಲ್ಲಲು ಅಲ್ಲಿ ಬ್ಯಾಕ್ಟೀರಿಯಾ ಇಲ್ಲ. ಹಾಗಾಗಿ ಆಂಟಿಬಯೋಟಿಕ್‌ನಿಂದ ಗಂಟು ಕರಗುವುದಿಲ್ಲ. ಮೊದಲ ದಿನಗಳಲ್ಲಿ ಕೆಂಪು, ನೋವು ಇದ್ದಾಗ ಒಂದು ಮುಲಾಮು ಕೊಟ್ಟರೆ ತಪ್ಪೇನಿಲ್ಲ. ಈಗ ಮೂರನೇ ಸಲ ಸಿರಪ್ ಕೊಡಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರುವುದಂತೂ ಬೇಡವೇ ಬೇಡ. ಕಣ್ಣಿಗೆ ಅಂತ ಕೈಗೆ ಸಿಗುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ಆಂಟಿಬಯೋಟಿಕ್ ಜೊತೆಗೆ ಸ್ಟೀರಾಯ್ಡ್ ಸೇರಿರುತ್ತದೆ. ಹಾಕಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಒಳ್ಳೆಯ ಔಷಧಿ ಅಂತ ಮನೆಯವರು ತಿಂಗಳುಗಟ್ಟಲೆ ಹಾಕುತ್ತಾರೆ. ಅದರಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಗಂಟಿಗೆ ಅಂತ ಶುರು ಮಾಡಿದ್ದು ದೃಷ್ಟಿಯನ್ನೇ ತಿನ್ನುವುದನ್ನು ನೋಡುವಾಗ ತುಂಬಾ ಸಂಕಟ ಆಗುತ್ತದೆ. ಮನೆಯಲ್ಲಿರುವ ಡ್ರಾಪ್ಸ್ ಬಾಟಲಿಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ, ಇದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಕೇಳಿ.

ತುರ್ತಿನ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗುವಿಗೆ ಜ್ವರ ಬಂದು, ಪೂರ್ತಿ ರೆಪ್ಪೆ ಕೆಂಪಾಗಿ ಊದಿ ಕಣ್ಣು ತೆರೆಯಲಾಗದಂತೆ ಆದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಣ್ಣುಗುಡ್ಡೆ ಮುಂದಕ್ಕೆ ಬಂದ ಹಾಗೆ ಕಂಡರೆ, ಆಚೀಚೆ ಹೊರಳಿಸಲು ಆಗದಿದ್ದರೆ, ಮಗು ಮಂಕಾಗಿ ವಾಂತಿ ಮಾಡುತ್ತಿದ್ದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಕಾಯಬೇಡಿ. ಸೋಂಕು ಕಣ್ಣಿನ ಹಿಂದಕ್ಕೆ ಇಳಿದಿರಬಹುದು. ಆಗ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ರಕ್ತನಾಳದ ಮೂಲಕ. ನೀವು ಬರೆದದ್ದರಲ್ಲಿ ಇಂಥ ಲಕ್ಷಣ ಯಾವುದೂ ಇಲ್ಲ. ಗೊತ್ತಿರಲಿ ಅಂತ ಹೇಳಿದೆ.

ಬಿಸಿ ಶಾಖ: ಸರಿಯಾಗಿ ಕೊಟ್ಟರೆ ಮಾತ್ರ ಔಷಧಿ

ಎಲ್ಲ ಡಾಕ್ಟರೂ ಶಾಖ ಕೊಡಿ ಅನ್ನುತ್ತಾರೆ. ಹೇಗೆ ಅಂತ ಹೇಳಲು ಒಪಿಡಿಯಲ್ಲಿ ಪುರಸೊತ್ತು ಸಿಗುವುದಿಲ್ಲ. ಮನೆಯಲ್ಲಿ ಏನಾಗುತ್ತದೆ ಅಂದರೆ, ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಕಣ್ಣಿನ ಮೇಲೆ ಇಡುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ತಣ್ಣಗಾಗುತ್ತದೆ, ಮಗುವೂ ಕೊಸರಾಡುತ್ತದೆ. ಅಲ್ಲಿಗೆ ಮುಗಿಯಿತು. ಇದರಿಂದ ಉಪಯೋಗ ಇಲ್ಲ. ಒಳಗಿನ ಎಣ್ಣೆ ಮೆತ್ತಗಾಗಬೇಕಾದರೆ ರೆಪ್ಪೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸ್ವಲ್ಪ ಹೊತ್ತು ಇರಬೇಕು.

ಹೀಗೆ ಮಾಡಿ ನೋಡಿ. ಅಗಲ ಪಾತ್ರೆಯಲ್ಲಿ, ಮಗುವಿನ ಸ್ನಾನಕ್ಕೆ ಹದ ಮಾಡುತ್ತೀರಲ್ಲ, ಅದಕ್ಕಿಂತ ಒಂದು ಚೂರು ಜಾಸ್ತಿ ಬಿಸಿ ಇರುವ ನೀರು ಇಟ್ಟುಕೊಳ್ಳಿ. ದಪ್ಪನೆಯ ಎರಡು ಹತ್ತಿ ಬಟ್ಟೆ ಬೇಕು. ಒಂದು ಕಣ್ಣಿನ ಮೇಲೆ ಇರುವಾಗ ಇನ್ನೊಂದು ನೀರಿನಲ್ಲಿರಲಿ. ಪ್ರತಿ ಸಲ ಹಿಂಡಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ, ಹಿತವಾಗಿದೆ ಅನ್ನಿಸಿದರೆ ಮಾತ್ರ ಇಡಿ. ಒಂದೊಂದು ನಿಮಿಷಕ್ಕೆ ಬದಲಾಯಿಸುತ್ತಾ ಹತ್ತು ನಿಮಿಷ ಮಾಡಿ. ದಿನಕ್ಕೆ ಮೂರು ಸಲ, ಸಾಧ್ಯವಾದರೆ ನಾಲ್ಕು. ಮೂರು ವರ್ಷದ ಮಗು ಹತ್ತು ನಿಮಿಷ ಎಲ್ಲಿ ಸುಮ್ಮನೆ ಕೂರುತ್ತದೆ ಅಂತ ನೀವು ಕೇಳುತ್ತೀರಿ, ನಿಜ. ತೊಡೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳಿ. ಒಂದು ಕಣ್ಣು ಬಿಟ್ಟು ಟಿವಿ ನೋಡಲು ಬಿಟ್ಟರೂ ನನ್ನ ತಕರಾರಿಲ್ಲ. ನಿದ್ದೆ ಹತ್ತಿದ ಮೇಲೆ ಮಾಡುವುದು ಎಲ್ಲಕ್ಕಿಂತ ಸುಲಭ. ಆದರೆ ನಿದ್ದೆಯಲ್ಲಿರುವ ಮಗು ಸುಡುತ್ತದೆ ಅಂತ ಹೇಳುವುದಿಲ್ಲ, ಅದಕ್ಕೆ ಬಿಸಿಯನ್ನು ಇನ್ನೂ ಜಾಗ್ರತೆಯಿಂದ ನೋಡಿ. ಅಕ್ಕಿ ತುಂಬಿದ ಬಟ್ಟೆಯ ಗಂಟನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಇಡುವವರಿದ್ದಾರೆ. ಹೊರಗೆ ಹದವಾಗಿದ್ದು ಒಳಗೆ ಕೆಂಡದಂತೆ ಇರುತ್ತದೆ. ಚಿಕ್ಕ ಮಕ್ಕಳಿಗೆ ಅದು ಬೇಡ ಅನ್ನುತ್ತೇನೆ.

ಶಾಖ ಮುಗಿದ ತಕ್ಷಣ, ರೆಪ್ಪೆ ಇನ್ನೂ ಬೆಚ್ಚಗಿರುವಾಗ, ಕೈ ತೊಳೆದು ಬೆರಳ ತುದಿಯಿಂದ ನಯವಾಗಿ ಸವರಿ. ಮೇಲ್ರೆಪ್ಪೆಯಾದರೆ ಮೇಲಿಂದ ಕೆಳಕ್ಕೆ, ಕೆಳರೆಪ್ಪೆಯಾದರೆ ಕೆಳಗಿಂದ ಮೇಲಕ್ಕೆ, ಅಂದರೆ ಎರಡೂ ಕಡೆ ರೆಪ್ಪೆಗೂದಲಿನ ದಿಕ್ಕಿಗೆ. ಎಣ್ಣೆ ಹೊರಬರುವ ಬಾಯಿ ಅಲ್ಲೇ ಇರುವುದು. ಹಿಂಡಬಾರದು, ಒತ್ತಿ ಒಡೆಯಲು ನೋಡಬಾರದು, ಸೂಜಿ ಅಂತೂ ಹತ್ತಿರಕ್ಕೇ ತರಬಾರದು. ಕೊನೆಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ರೆಪ್ಪೆಯ ಅಂಚು ಒರೆಸಿ.

ಹೀಗೆ ನಿಯಮಿತವಾಗಿ ಮಾಡಿದರೆ ಎಷ್ಟೋ ಮಕ್ಕಳಿಗೆ ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳಲ್ಲಿ ಗಂಟು ಇಳಿಯುತ್ತದೆ. ಹೊಸ ಗಂಟಿಗೆ ಇದರ ಗುಣ ಜಾಸ್ತಿ. ನಿಮ್ಮ ಮಗಳ ಎಡಗಣ್ಣಿನ ಒಂದು ವಾರದ ಗಂಟಿಗೆ ಇವತ್ತಿಂದಲೇ ಶುರು ಮಾಡಿ. ಬಲಗಣ್ಣಿನದು ಎರಡೂವರೆ ತಿಂಗಳಿನದು, ಗೋಡೆ ಗಟ್ಟಿಯಾಗಿರಬಹುದು. ಅದಕ್ಕೂ ಕೊಡಿ, ಆದರೆ ಶಾಖವನ್ನೇ ನಂಬಿ ಕೂರಬೇಡಿ.

ಕಣ್ಣು ಹೇಗೆ ನೋಡುತ್ತಿದೆ ಅನ್ನುವುದು ಯಾಕೆ ಮುಖ್ಯ

ಮಗು ಹುಟ್ಟುವಾಗ ಕಣ್ಣು ತಯಾರಾಗಿರುತ್ತದೆ, ಆದರೆ ನೋಡುವುದನ್ನು ಮೆದುಳು ಆಮೇಲೆ ಕಲಿಯುತ್ತದೆ. ಆ ಕಲಿಕೆ ಏಳೆಂಟು ವರ್ಷದವರೆಗೂ ನಡೆಯುತ್ತದೆ. ಮೊದಲ ವರ್ಷಗಳಲ್ಲಿ ತುಂಬಾ ಚುರುಕು. ಈ ಸಮಯದಲ್ಲಿ ಒಂದು ಕಣ್ಣಿನಿಂದ ಮಸುಕು ಚಿತ್ರ ಹೋಗುತ್ತಿದ್ದರೆ ಮೆದುಳು ಇನ್ನೊಂದು ಕಣ್ಣನ್ನೇ ನೆಚ್ಚಿಕೊಂಡು, ಮಸುಕು ಕಣ್ಣನ್ನು ಬಿಟ್ಟುಬಿಡುತ್ತದೆ. ಇದಕ್ಕೆ ಆಂಬ್ಲಿಯೋಪಿಯಾ ಅನ್ನುತ್ತೇವೆ, ಸೋಮಾರಿ ಕಣ್ಣು ಅಂತ ನೀವು ಕೇಳಿರಬಹುದು. ದೊಡ್ಡವಳಾದ ಮೇಲೆ ಕನ್ನಡಕ ಹಾಕಿದರೂ ಆ ಕಣ್ಣಿನ ದೃಷ್ಟಿ ಪೂರ್ತಿ ಬರುವುದು ಕಷ್ಟ.

ಮೇಲ್ರೆಪ್ಪೆಯ ದೊಡ್ಡ ಗಂಟು ಇದನ್ನು ಎರಡು ದಾರಿಯಲ್ಲಿ ಮಾಡಬಲ್ಲದು. ಒಂದು, ಗಂಟಿನ ಭಾರಕ್ಕೆ ರೆಪ್ಪೆ ಜೋತು ಬಿದ್ದು ಪಾಪೆಯನ್ನು ಮುಚ್ಚುವುದು. ಇದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕಾಣುವುದಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ. ಮಕ್ಕಳಲ್ಲಿ ಅದು ಮೆದು. ಗಂಟು ಹಗಲೂ ರಾತ್ರಿ ಅದನ್ನು ಒತ್ತುತ್ತಿದ್ದರೆ ಅದರ ಬಾಗು ಒಂದು ದಿಕ್ಕಿನಲ್ಲಿ ಹೆಚ್ಚು, ಒಂದು ದಿಕ್ಕಿನಲ್ಲಿ ಕಡಿಮೆ ಆಗುತ್ತದೆ. ಆಗ ಬೆಳಕು ಒಂದೇ ಕಡೆ ಸೇರುವುದಿಲ್ಲ, ಚಿತ್ರ ಮಸುಕಾಗುತ್ತದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಅಂತ ಬರೆಯುತ್ತಾರಲ್ಲ, ಅದೇ ಇದು. ಮಗು ಹೇಳುವುದಿಲ್ಲ, ಯಾಕೆಂದರೆ ಇನ್ನೊಂದು ಕಣ್ಣು ಚೆನ್ನಾಗಿ ನೋಡುತ್ತಿರುತ್ತದೆ. ಆಡುತ್ತಾಳೆ, ಓಡುತ್ತಾಳೆ, ಮೊಬೈಲಿನಲ್ಲಿ ಚಿತ್ರ ಗುರುತಿಸುತ್ತಾಳೆ. ಎಲ್ಲ ಸರಿ ಇದೆ ಅನ್ನಿಸುತ್ತದೆ.

ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗು ಇಷ್ಟದ ಚಿತ್ರ ನೋಡುತ್ತಿರುವಾಗ ಹಿಂದಿನಿಂದ ನಿಮ್ಮ ಅಂಗೈಯಿಂದ ಗಂಟಿರುವ ಬಲಗಣ್ಣು ಮುಚ್ಚಿ. ಸುಮ್ಮನೆ ನೋಡುತ್ತಲೇ ಇರುತ್ತಾಳಾ ಗಮನಿಸಿ. ಸ್ವಲ್ಪ ಹೊತ್ತು ಬಿಟ್ಟು ಎಡಗಣ್ಣು ಮುಚ್ಚಿ. ಆಗ ಮಾತ್ರ ಕೈ ತಳ್ಳಿದರೆ, ತಲೆ ಆಚೀಚೆ ಮಾಡಿ ಇಣುಕಿದರೆ, ಅತ್ತರೆ, ಬಲಗಣ್ಣು ಸರಿಯಾಗಿ ನೋಡುತ್ತಿಲ್ಲ ಅನ್ನುವ ಅನುಮಾನ ಬರಬೇಕು. ಗದ್ದ ಎತ್ತಿ ನೋಡುವ ಅಭ್ಯಾಸ ಹೊಸದಾಗಿ ಬಂದಿದೆಯಾ ಅಂತಲೂ ನೋಡಿ. ಆದರೆ ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ನಿಶ್ಚಿಂತೆಯಿಂದ ಇರಬಹುದು ಅಂತ ಅರ್ಥ ಅಲ್ಲ. ಸ್ವಲ್ಪ ಮಟ್ಟದ ಮಸುಕು ಇದರಲ್ಲಿ ಗೊತ್ತಾಗುವುದಿಲ್ಲ.

ಅದಕ್ಕೆ ಪವರ್ ಪರೀಕ್ಷೆ ಮಾಡಿಸಿ. ಅಕ್ಷರ ಓದಲು ಬಾರದ ಮಗುವಿಗೆ ಹೇಗೆ ಮಾಡುತ್ತಾರೆ ಅನ್ನಬೇಡಿ, ಆರು ತಿಂಗಳ ಕೂಸಿಗೂ ಮಾಡುತ್ತೇವೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ, ಅಥವಾ ಮೂರು ದಿನ ಮನೆಯಲ್ಲಿ ಅಟ್ರೋಪಿನ್ ಮುಲಾಮು ಹಚ್ಚಿಸಿ, ಆಮೇಲೆ ಕತ್ತಲೆ ಕೋಣೆಯಲ್ಲಿ ರೆಟಿನೋಸ್ಕೋಪ್ ಅನ್ನುವ ಸಣ್ಣ ದೀಪದಿಂದ ಕಣ್ಣಿನೊಳಗೆ ಬೆಳಕಿನ ಪಟ್ಟಿ ಹಾಯಿಸುತ್ತೇವೆ. ಪಾಪೆಯಲ್ಲಿ ಕೆಂಪು ಹೊಳಪು ಯಾವ ಕಡೆ ಸರಿಯುತ್ತದೆ ಅಂತ ನೋಡುತ್ತಾ ಒಂದೊಂದೇ ಲೆನ್ಸ್ ಹಿಡಿಯುತ್ತೇವೆ. ಹೊಳಪು ಓಡಾಡುವುದು ನಿಂತು ಪಾಪೆ ಒಂದೇ ಸಲಕ್ಕೆ ತುಂಬಿದಾಗ ಪವರ್ ಸಿಕ್ಕಿತು. ಮಗು ಬಾಯಿ ಬಿಡಬೇಕಾಗಿಲ್ಲ, ಅಮ್ಮನ ತೊಡೆಯ ಮೇಲೆ ಕೂತಿದ್ದರೆ ಸಾಕು. ಅಟ್ರೋಪಿನ್ ಹಚ್ಚಿದಾಗ ಕೆನ್ನೆ ಕೆಂಪಾಗಿ ಮೈ ಬಿಸಿಯಾದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಕೆಲವು ಮಕ್ಕಳಿಗೆ ಹಾಗಾಗುತ್ತದೆ.

ಎರಡೂ ಕಣ್ಣು ಮಾಡಿಸಬೇಕು, ಹೋಲಿಸಿ ನೋಡಬೇಕು. ಎಡಗಣ್ಣಿನಲ್ಲಿ ಸಿಲಿಂಡರ್ ಇಲ್ಲದೆ ಬಲಗಣ್ಣಿನಲ್ಲಿ ಮಾತ್ರ ಗಣನೀಯವಾಗಿ ಇದ್ದರೆ, ಅಥವಾ ರೆಪ್ಪೆ ಪಾಪೆಯನ್ನು ಮುಟ್ಟುತ್ತಿದ್ದರೆ, ಆಪರೇಷನ್ ಮುಂದೂಡಬೇಡಿ. ಎರಡೂ ಸಮ ಇದ್ದು ರೆಪ್ಪೆ ಮೇಲೇ ಇದ್ದರೆ, ಇನ್ನೊಂದೂವರೆ ತಿಂಗಳು ಶಾಖ ಕೊಟ್ಟು ನೋಡಲು ಅವಕಾಶ ಇದೆ. ಇದನ್ನೇ ನಿಮ್ಮ ಕಣ್ಣಿನ ಡಾಕ್ಟರ ಹತ್ತಿರ ನೇರವಾಗಿ ಕೇಳಿ: ಪವರ್ ನೋಡಿದಿರಾ, ಎರಡು ಕಣ್ಣಿಗೆ ವ್ಯತ್ಯಾಸ ಎಷ್ಟಿದೆ? ಅವರು ಆಗಲೇ ನೋಡಿದ್ದು ನಿಮಗೆ ಹೇಳದೇ ಇರಬಹುದು.

ಕಾಯದೆ ತೆಗೆಯಲು ಇನ್ನೊಂದು ಕಾರಣ ಇದೆ. ಮಕ್ಕಳಲ್ಲಿ ಕೆಲವೊಮ್ಮೆ ಗಂಟು ಹೊರಗಿನ ಚರ್ಮದ ಕಡೆಗೆ ಬಾಯಿ ಮಾಡುತ್ತದೆ. ಮೇಲಿನ ಚರ್ಮ ತೆಳುವಾಗಿ, ನೇರಳೆ ಕೆಂಪು ಬಣ್ಣಕ್ಕೆ ತಿರುಗಿ, ಇವತ್ತೋ ನಾಳೆಯೋ ಒಡೆಯುತ್ತದೆ ಅನ್ನುವ ಹಾಗೆ ಕಾಣುತ್ತದೆ. ಅದು ತಾನಾಗಿ ಒಡೆದರೆ ಕಲೆ ಉಳಿಯಬಹುದು. ಹಾಗೆ ಆಗುತ್ತಿದ್ದರೆ ಬೇಗ ತೋರಿಸಿ.

ಆಪರೇಷನ್ ಮತ್ತು ಅನಸ್ತೇಷಿಯಾ

ನಿಮ್ಮ ಅತ್ತೆಯವರ ಭಯ ಸಹಜ. ಅದನ್ನು ತಳ್ಳಿಹಾಕುವುದಿಲ್ಲ. ದೊಡ್ಡವರಿಗೆ ರೆಪ್ಪೆಗೆ ಇಂಜೆಕ್ಷನ್ ಕೊಟ್ಟು ಕುರ್ಚಿಯಲ್ಲೇ ಮಾಡಿ ಮುಗಿಸುತ್ತೇವೆ. ಮೂರು ವರ್ಷದ ಮಗುವಿನ ಕಣ್ಣಿನ ಹತ್ತಿರ ಸೂಜಿ, ಬ್ಲೇಡ್ ತಂದಾಗ ಅದು ತಲೆ ಕೊಡವಿದರೆ ಏನಾಗಬಹುದು ಯೋಚಿಸಿ. ನಾಲ್ಕು ಜನ ಹಿಡಿದು ಮಾಡುವುದು ಕ್ರೂರ, ಅಪಾಯವೂ ಹೌದು. ಅದಕ್ಕೇ ಪೂರ್ತಿ ಅನಸ್ತೇಷಿಯಾ.

ಆಪರೇಷನ್ ಚಿಕ್ಕದು. ರೆಪ್ಪೆಯನ್ನು ಒಂದು ಕ್ಲ್ಯಾಂಪಿನಲ್ಲಿ ಹಿಡಿದು ಒಳಮುಖ ಹೊರಗೆ ಮಾಡಿ ಮಗುಚುತ್ತೇವೆ. ಒಳಗಡೆಯಿಂದ, ಗ್ರಂಥಿಗಳು ನಿಂತಿರುವ ದಿಕ್ಕಿನಲ್ಲೇ ಉದ್ದುದ್ದ ಸಣ್ಣ ಗಾಯ ಮಾಡುತ್ತೇವೆ, ಪಕ್ಕದ ಗ್ರಂಥಿಗಳು ಕತ್ತರಿಸಬಾರದಲ್ಲ. ಒಳಗಿನ ಲೋಳೆಯಂಥ ಪದಾರ್ಥವನ್ನು ಕ್ಯೂರೆಟ್ ಅನ್ನುವ ಪುಟ್ಟ ಸೌಟಿನಿಂದ ಕೆರೆದು ತೆಗೆಯುತ್ತೇವೆ. ಸಾಮಾನ್ಯವಾಗಿ ಹೊಲಿಗೆ ಇಲ್ಲ, ಹೊರಗಡೆ ಕಲೆ ಇಲ್ಲ. ಹತ್ತು ಹದಿನೈದು ನಿಮಿಷದ ಕೆಲಸ, ಬಹಳಷ್ಟು ಸಲ ಅವತ್ತೇ ಸಂಜೆ ಮನೆಗೆ.

ಮಕ್ಕಳ ಮೆದುಳಿಗೆ ಅನಸ್ತೇಷಿಯಾ ಕೆಟ್ಟದ್ದು ಅಂತ ಓದಿದ್ದೀರೋ ಏನೋ. ಆ ಮಾತಿಗೆ ಮೂಲ ಇದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಮೂರು ವರ್ಷದ ಒಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತಿನ, ಅಥವಾ ಮತ್ತೆ ಮತ್ತೆ ಕೊಡುವ ಅನಸ್ತೇಷಿಯಾ ಬಗ್ಗೆ ಅದು ಹೇಳಿದ್ದು. ಒಂದೇ ಸಲದ, ಕಡಿಮೆ ಹೊತ್ತಿನ ಅನಸ್ತೇಷಿಯಾದ ಬಗ್ಗೆ ಅಲ್ಲ. ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಗ್ಯಾಸ್ ಎಂಬ ಹೆಸರಿನ ಅಧ್ಯಯನದಲ್ಲಿ, ಎಳೆಗೂಸುಗಳಾಗಿದ್ದಾಗ ಒಂದು ಗಂಟೆಗಿಂತ ಕಡಿಮೆ ಹೊತ್ತು ಅನಸ್ತೇಷಿಯಾ ಪಡೆದ ಮಕ್ಕಳನ್ನು ಐದು ವರ್ಷ ವಯಸ್ಸಿನವರೆಗೆ ಗಮನಿಸಿದರು. ಅನಸ್ತೇಷಿಯಾ ಪಡೆಯದೆ, ಆ ಭಾಗ ಮಾತ್ರ ಮರಗಟ್ಟಿಸಿಕೊಂಡ ಮಕ್ಕಳಿಗೂ ಇವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಅಪಾಯ ಸೊನ್ನೆ ಅಂತ ಯಾರೂ ಹೇಳಲಾರರು. ಅದನ್ನು ಕಡಿಮೆ ಮಾಡುವುದು ಬಹುಪಾಲು ನಮ್ಮ ನಿಮ್ಮ ಕೈಯಲ್ಲಿದೆ. ಚಿಕ್ಕ ಮಕ್ಕಳಿಗೆ ಅನಸ್ತೇಷಿಯಾ ಕೊಟ್ಟು ಅನುಭವ ಇರುವ ತಜ್ಞರು ಇರುವ ಕಡೆ ಮಾಡಿಸಿ. ನಿಮ್ಮ ಊರಿನಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಕಣ್ಣಿನ ವಿಭಾಗ, ಮಕ್ಕಳ ವಿಭಾಗ ಎರಡೂ ಒಂದೇ ಸೂರಿನಡಿ ಇರುತ್ತವೆ. ಮಗುವಿಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ಅಥವಾ ಹೋದ ಎರಡು ವಾರದಲ್ಲಿ ಬಂದಿದ್ದರೆ ಮುಚ್ಚಿಡಬೇಡಿ, ದಿನ ಮುಂದೆ ಹಾಕಬೇಕಾಗಬಹುದು. ಉಬ್ಬಸ ಇದೆಯಾ, ಮನೆಯಲ್ಲಿ ಯಾರಿಗಾದರೂ ಅನಸ್ತೇಷಿಯಾ ಸಮಯದಲ್ಲಿ ತೊಂದರೆ ಆಗಿತ್ತಾ, ಎಲ್ಲ ಹೇಳಿ. ಹಸಿದಿರಬೇಕು ಅನ್ನುವುದನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳಿ. ಊಟ, ತಿಂಡಿ, ಹಸುವಿನ ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು. ಎದೆಹಾಲು ನಾಲ್ಕು ಗಂಟೆ. ನೀರು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ ಕೊಡಬಹುದು, ನಿಮ್ಮ ಅನಸ್ತೇಷಿಯಾ ಡಾಕ್ಟರು ಹೇಳಿದ್ದೇ ಕೊನೆ ಮಾತು. ಮಗು ಅಳುತ್ತದೆ ಅಂತ ಮರುಕಪಟ್ಟು ಯಾರಾದರೂ ಕದ್ದು ಒಂದು ಬಿಸ್ಕತ್ತು ಕೊಟ್ಟರೆ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ, ಯಾರೂ ಬೈಯುವುದಿಲ್ಲ.

ಆಪರೇಷನ್ ಆದ ಮೇಲೆ ಕೆಲವು ಗಂಟೆ ಕಣ್ಣಿಗೆ ಪಟ್ಟಿ ಇರುತ್ತದೆ. ತೆಗೆದಾಗ ಕಣ್ಣೀರು ಸ್ವಲ್ಪ ಗುಲಾಬಿ ಬಣ್ಣದಲ್ಲಿ ಬಂದರೆ ಹೆದರಬೇಡಿ. ರೆಪ್ಪೆ ಕೆಲವು ದಿನ ಊದಿ, ಕಂದಿರುತ್ತದೆ. ಸುಮಾರು ಒಂದು ವಾರ ಮುಲಾಮು. ಗಂಟು ಹಾಗೇ ಇದೆಯಲ್ಲಾ ಅಂತ ಮೊದಲ ವಾರ ಅನ್ನಿಸುವುದು ಊತದಿಂದ, ಪೂರ್ತಿ ಇಳಿಯಲು ಕೆಲವು ವಾರ ಬೇಕು. ಅದೇ ಜಾಗದಲ್ಲಿ ಅಥವಾ ಬೇರೆ ಕಡೆ ಮತ್ತೆ ಬರುವ ಸಾಧ್ಯತೆಯೂ ಇದೆ, ಇದನ್ನು ಮೊದಲೇ ಹೇಳಿರುವುದು ಒಳ್ಳೆಯದು.

ಕತ್ತರಿಸದೆ ಗಂಟಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ವಿಧಾನವೂ ಇದೆ. ದೊಡ್ಡವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಮ್ಮಂಥ ಕಂದು ಚರ್ಮದವರಿಗೆ ಸೂಜಿ ಹಾಕಿದ ಜಾಗ ಬಿಳಿಚಿ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಮೂರು ವರ್ಷದ ಮಗುವಿಗೆ ಆ ಇಂಜೆಕ್ಷನ್ ಕೊಡಲೂ ಹೆಚ್ಚಾಗಿ ಅನಸ್ತೇಷಿಯಾ ಬೇಕು. ಅನಸ್ತೇಷಿಯಾ ಕೊಡುವುದೇ ಆದರೆ ಗಂಟನ್ನೇ ತೆಗೆದುಬಿಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಉಷ್ಣ, ಲವಂಗ, ಸುಣ್ಣ

ಉಷ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಾವಿನ ಹಣ್ಣು, ಮೊಟ್ಟೆ, ಕೋಳಿ ನಿಲ್ಲಿಸಬೇಡಿ. ಬೆಳೆಯುವ ಮಗು, ತಿನ್ನಲಿ. ಅಂಗೈಗೆ ಬೆರಳು ಉಜ್ಜಿ ಬಿಸಿ ಮಾಡಿ ಕುರುವಿಗೆ ಒತ್ತುವ ಅಜ್ಜಿಯರ ಪದ್ಧತಿ ಇದೆಯಲ್ಲ, ಅದರ ಹಿಂದಿನ ಯೋಚನೆ ಸರಿಯೇ, ಶಾಖವೇ ಅದು. ಬಿಸಿ ಸಾಲದು ಅಷ್ಟೇ. ಕೈ ತೊಳೆದಿರಬೇಕು. ಲವಂಗ ತೇದು ಹಚ್ಚುವುದು ಬೇಡ, ಮಕ್ಕಳ ತೆಳು ಚರ್ಮ ಸುಡುತ್ತದೆ, ಕಣ್ಣಿಗೆ ಜಾರಿದರೆ ಉರಿ ತಡೆಯಲಾಗುವುದಿಲ್ಲ. ಎದೆಹಾಲು, ಹರಳೆಣ್ಣೆ ಕಣ್ಣಿಗೆ ಬಿಡುವುದರಿಂದ ಗಂಟು ಕರಗುವುದಿಲ್ಲ. ಕಾಡಿಗೆ ನಿಲ್ಲಿಸಿ. ರೆಪ್ಪೆಯ ಅಂಚಿಗೆ ಮೆತ್ತಿಕೊಳ್ಳುತ್ತದೆ, ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ.

ಸುಣ್ಣದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕುರು ಹಣ್ಣಾಗಲಿ ಅಂತ ಎಲೆಅಡಿಕೆಯ ಸುಣ್ಣವನ್ನು ಮಗುವಿನ ರೆಪ್ಪೆಗೆ ಯಾರೂ ಹಚ್ಚಬಾರದು. ಸುಣ್ಣ ಕ್ಷಾರ. ಕಣ್ಣೊಳಗೆ ಹೋದರೆ ಕಾರ್ನಿಯಾವನ್ನು ಒಳಒಳಗೆ ಸುಡುತ್ತಾ ಹೋಗುತ್ತದೆ, ದೃಷ್ಟಿ ಶಾಶ್ವತವಾಗಿ ಹೋಗಬಹುದು. ಆಕಸ್ಮಿಕವಾಗಿ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ, ಅಲ್ಲೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರಿನಿಂದ ಅರ್ಧ ಗಂಟೆ ತೊಳೆಯಿರಿ. ಆಮೇಲೆ ಹೊರಡಿ.

ಎರಡನೇ ಗಂಟು, ಮತ್ತೆ ಮತ್ತೆ ಬರುವ ಗಂಟು

ಹರಡುತ್ತಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಕಲೇಜಿಯನ್ ಒಂದು ಕಣ್ಣಿಂದ ಇನ್ನೊಂದಕ್ಕೆ ಅಂಟುವುದಿಲ್ಲ, ಇನ್ನೊಂದು ಮಗುವಿಗೂ ಅಂಟುವುದಿಲ್ಲ. ಅಂಗನವಾಡಿಗೋ ನರ್ಸರಿಗೋ ಹೋಗಲಿ. ಕೀವಿನ ಕುರು ಇದ್ದಾಗ ಮಾತ್ರ ಟವೆಲ್ ಬೇರೆ ಇಡಿ, ಕೈ ತೊಳೆಸಿ. ಆದರೆ ಎರಡು ಕಣ್ಣಿಗೂ ಬಂದಿದೆ ಅಂದರೆ ರೆಪ್ಪೆಯ ಅಂಚಿನಲ್ಲೇ ಉರಿಯೂತ ಇರಬಹುದು. ಅದಕ್ಕೆ ಬ್ಲೆಫರೈಟಿಸ್ ಅನ್ನುತ್ತೇವೆ. ಬೆಳಗ್ಗೆ ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟಿನಂಥ ಪುಡಿ ಕಾಣುತ್ತದಾ ನೋಡಿ. ಅಲರ್ಜಿಯಿಂದ ಸದಾ ಕಣ್ಣು ಉಜ್ಜುವ ಮಕ್ಕಳಿಗೂ ಪದೇ ಪದೇ ಹೀಗಾಗುತ್ತದೆ, ಅಲರ್ಜಿಗೆ ಔಷಧಿ ಮಾಡಿದರೆ ಇದೂ ಕಡಿಮೆಯಾಗುತ್ತದೆ. ಬಿಸಿಲಿಗೆ ಹೋದರೆ ಕಣ್ಣು ಬಿಡಲಾರದೆ ನೀರು ಸುರಿಸುತ್ತಾಳೆ, ಕಣ್ಣು ಕೆಂಪಾಗಿಯೇ ಇರುತ್ತದೆ ಅಂದರೆ ಕಾರ್ನಿಯಾಕ್ಕೂ ತಗಲಿರಬಹುದು. ಅಂಥ ಮಕ್ಕಳಿಗೆ ಕೆಲವು ವಾರ ಅಜಿತ್ರೋಮೈಸಿನ್ ಅಥವಾ ಎರಿತ್ರೋಮೈಸಿನ್ ಸಿರಪ್ ಬೇಕಾಗಬಹುದು. ಇಲ್ಲಿ ಅದು ಕೊಡುವುದು ರೆಪ್ಪೆಯ ಉರಿಯೂತಕ್ಕೆ, ಗಂಟಿಗೆ ಅಲ್ಲ. ದೊಡ್ಡವರಿಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು ಎಂಟು ವರ್ಷದ ಒಳಗಿನ ಮಕ್ಕಳಿಗೆ ಹೀಗೆ ವಾರಗಟ್ಟಲೆ ಕೊಡುವುದಿಲ್ಲ, ಬೆಳೆಯುವ ಹಲ್ಲಿಗೆ ಬಣ್ಣ ಹಿಡಿಯುವ ಭಯ ಇದೆ.

ಎಲ್ಲ ಗಂಟೂ ಕಲೇಜಿಯನ್ ಅಲ್ಲ ಅನ್ನುವುದನ್ನೂ ಹೇಳಬೇಕು, ಇದನ್ನು ಓದುವ ಬೇರೆ ತಂದೆತಾಯಿಯರಿಗಾಗಿ. ಹುಬ್ಬಿನ ಹೊರತುದಿಯಲ್ಲಿ ಹುಟ್ಟಿದಾಗಿನಿಂದ ಇರುವ, ಚರ್ಮಕ್ಕೆ ಅಂಟದ ಗಟ್ಟಿ ಉಂಡೆ ಹೆಚ್ಚಾಗಿ ಡರ್ಮಾಯ್ಡ್, ಅಂದರೆ ಹುಟ್ಟಿನಿಂದಲೇ ಬರುವ ಚೀಲದಂಥ ಗಂಟು. ಅದಕ್ಕೆ ಶಾಖ ಕೊಡಬಾರದು, ಒಡೆಯಲೂಬಾರದು. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಕೆಳಗೆ ಊತ, ಜೊತೆಗೆ ನೀರು, ಪಿಸುರು ಸುರಿಯುತ್ತಿದ್ದರೆ ಅದು ಕಣ್ಣೀರಿನ ಚೀಲದ ತೊಂದರೆ. ನಡುವೆ ಸಣ್ಣ ಗುಳಿ ಇರುವ ಮುತ್ತಿನ ಬಣ್ಣದ ಗುಳ್ಳೆಗಳು ಮೊಲಸ್ಕಮ್ ಅನ್ನುವ ವೈರಸ್ಸಿನದು. ಕೂಸಿನ ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಬೆಳೆಯುತ್ತಾ ಹೋಗುವ ಮೆತ್ತನೆ ಗಂಟು ರಕ್ತನಾಳಗಳ ಗಡ್ಡೆ, ಹೆಮಾಂಜಿಯೋಮಾ. ಇದೂ ರೆಪ್ಪೆಯಲ್ಲಿದ್ದರೆ ಕಾರ್ನಿಯಾವನ್ನು ಒತ್ತಿ ಅದೇ ಸೋಮಾರಿ ಕಣ್ಣು ತರುತ್ತದೆ. ಇದಕ್ಕೆ ಈಗ ಹೃದಯದ ಔಷಧಿ ಪ್ರೊಪ್ರನೊಲಾಲ್ ಕೊಡುತ್ತಾರೆ. ಫ್ರಾನ್ಸಿನ ವೈದ್ಯರು ಬೇರೆ ಕಾರಣಕ್ಕೆ ಆ ಔಷಧಿ ಕೊಟ್ಟಿದ್ದ ಮಗುವಿನ ಗಡ್ಡೆ ಕರಗಿದ್ದನ್ನು ಗಮನಿಸಿ 2008ರಲ್ಲಿ ವರದಿ ಮಾಡಿದ ಮೇಲೆ ಚಿಕಿತ್ಸೆಯೇ ಬದಲಾಯಿತು. ಇನ್ನು ದಿನದಿಂದ ದಿನಕ್ಕೆ ಬೆಳೆದು ಕಣ್ಣುಗುಡ್ಡೆಯನ್ನೇ ಪಕ್ಕಕ್ಕೆ ಅಥವಾ ಮುಂದಕ್ಕೆ ತಳ್ಳುವ ಗಂಟು ತೀರಾ ಅಪರೂಪ, ಆದರೆ ಕ್ಯಾನ್ಸರ್ ಇರಬಹುದು. ಅದಕ್ಕೆ ಒಂದು ವಾರವೂ ಕಾಯಬಾರದು.

ಕೊನೆಯದಾಗಿ ಒಂದು ವಿಷಯ, ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಗಂಟು ತೆಗೆದರೂ ಸರಿ, ತಾನಾಗಿ ಇಳಿದರೂ ಸರಿ, ಒಂದೂವರೆ ಎರಡು ತಿಂಗಳು ಬಿಟ್ಟು ಎರಡೂ ಕಣ್ಣಿನ ಪವರ್ ಮತ್ತೊಮ್ಮೆ ನೋಡಿಸಿ. ಒತ್ತಡ ಹೋದ ಮೇಲೆ ಸಿಲಿಂಡರ್ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ, ಪೂರ್ತಿ ಇಳಿಯಲೇಬೇಕು ಅಂತಿಲ್ಲ. ಉಳಿದಿದ್ದರೆ ಕನ್ನಡಕ ಕೊಡುತ್ತಾರೆ. ಬಲಗಣ್ಣು ಆಗಲೇ ಹಿಂದೆ ಬಿದ್ದಿದ್ದರೆ, ಚೆನ್ನಾಗಿರುವ ಎಡಗಣ್ಣಿಗೆ ದಿನಕ್ಕೆ ಒಂದೆರಡು ಗಂಟೆ ಪಟ್ಟಿ ಹಾಕಿ ಬಲಗಣ್ಣನ್ನು ದುಡಿಸಬೇಕಾಗುತ್ತದೆ. ಮೊದಲ ದಿನಗಳಲ್ಲಿ ಮಗು ಪಟ್ಟಿ ಕಿತ್ತು ಹಾಕುತ್ತದೆ. ಊಟದ ಹೊತ್ತಿಗೆ, ಬಣ್ಣ ಹಚ್ಚುವ ಆಟದ ಹೊತ್ತಿಗೆ ಹಾಕಿ ನೋಡಿ, ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಮೂರು ವರ್ಷಕ್ಕೆ ಶುರು ಮಾಡಿದರೆ ಒಳ್ಳೆಯ ಫಲ ಸಿಗುವ ವಯಸ್ಸು. ಸದ್ಯಕ್ಕೆ ಈ ವಾರ ಪವರ್ ಪರೀಕ್ಷೆಗೆ ಹೆಸರು ಬರೆಸಿ, ಇವತ್ತು ಸಂಜೆಯಿಂದ ಎರಡೂ ಕಣ್ಣಿಗೆ ಶಾಖ ಶುರು ಮಾಡಿ. ಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ ಇನ್ನೂ ಗೊಂದಲ ಇದ್ದರೆ ಎರಡೂ ಕಣ್ಣಿನ ನಂಬರ್ ಬರೆದು ಕಳಿಸಿ, ಉತ್ತರಿಸುತ್ತೇನೆ.